ಘಾಟಿ ಇಳಿಯುವ ವ್ಯಾನಿಗೆ ಮೊದಲು ತೂಕದ ಚೀಟಿ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಶುರುವಾದರೆ ಬೆಂಗಳೂರಿನಿಂದ ಮಲೆನಾಡಿಗೆ, ಕೊಡಗಿಗೆ, ನೀಲಗಿರಿಗೆ ಹೊರಡುವ ಗಾಡಿಗಳ ಸಾಲಿನಲ್ಲಿ ಈಗ ಹಾಸಿಗೆ, ಒಲೆ, ನೀರಿನ ಕ್ಯಾನು ಜೋಡಿಸಿಕೊಂಡ ವ್ಯಾನುಗಳೂ ಕಾಣುತ್ತವೆ. ಹಳೆಯ ಓಮ್ನಿ, ಈಕೋದಿಂದ ಹಿಡಿದು ಟ್ರಾವೆಲರ್‌ವರೆಗೆ ಎಲ್ಲವೂ ಮಲಗುವ ಕೋಣೆಗಳಾಗುತ್ತಿವೆ. ಇದು ಒಳ್ಳೆಯದೇ. ಆದರೆ ಪ್ರವಾಸ ಪುರವಣಿಗಳಲ್ಲಿ ಬರುವ ಬರಹಗಳು ಯಾವ ಬೆಟ್ಟ, ಯಾವ ಜಲಪಾತ ಎಂದಷ್ಟೇ ಹೇಳಿ ಮುಗಿಸುತ್ತವೆ. ಗಾಡಿ ಎಷ್ಟು ತೂಗುತ್ತದೆ, ಆ ತೂಕವನ್ನು ಹೊತ್ತು ಘಾಟಿ ಇಳಿಯುವುದು ಹೇಗೆ, ಕತ್ತಲಾದ ಮೇಲೆ ಅದನ್ನು ಎಲ್ಲಿ ನಿಲ್ಲಿಸಬಹುದು ಎಂಬುದನ್ನು ಯಾರೂ ಬರೆಯುವುದಿಲ್ಲ. ಒಳಗಿನ ಮರಗೆಲಸಕ್ಕೆ ಲಕ್ಷ ರೂಪಾಯಿ ಸುರಿದವರು ಹಳೆಯ ಬ್ರೇಕ್ ಆಯಿಲ್‌ನಲ್ಲೇ ಚಾರ್ಮಾಡಿ ಇಳಿಯುತ್ತಾರೆ. ಈ ಪತ್ರ ಅದರ ಬಗ್ಗೆ.

ತೂಕದಿಂದಲೇ ಶುರು ಮಾಡಬೇಕು. 18 ಮಿ.ಮೀ. ದಪ್ಪದ, ಎಂಟಕ್ಕೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆ 30 ಕಿಲೋಗಿಂತ ಹೆಚ್ಚು ತೂಗುತ್ತದೆ. ಮಂಚಕ್ಕೂ ಪೆಟ್ಟಿಗೆಗೂ ಎರಡು ಹಾಳೆ ಬೇಕೆಂದರೆ ಅಲ್ಲಿಗೇ 60 ಕಿಲೋ ದಾಟಿತು. 100 ಆಂಪಿಯರ್ ಅವರ್‌ನ ಸಾಮಾನ್ಯ ಲೆಡ್ ಬ್ಯಾಟರಿ ಸುಮಾರು 30 ಕಿಲೋ. ನೀರು ಲೀಟರಿಗೆ ಒಂದು ಕಿಲೋ, 20 ಲೀಟರಿನ ಮೂರು ಕ್ಯಾನ್ ತುಂಬಿದರೆ 60. ಫ್ರಿಜ್ಜು, ಸಿಲಿಂಡರು, ಹಾಸಿಗೆ, ಪಾತ್ರೆ ಎಲ್ಲ ಕೂಡಿಸಿ ನೋಡಿದರೆ ಜನ ಹತ್ತುವ ಮೊದಲೇ 200 ಕಿಲೋ ಮೀರಿರುತ್ತದೆ. 12 ಮಿ.ಮೀ. ಪ್ಲೈವುಡ್, ಹತ್ತು ಹನ್ನೆರಡು ಕಿಲೋದ ಲಿಥಿಯಂ ಬ್ಯಾಟರಿ, ಎರಡೇ ಕ್ಯಾನ್ ನೀರು ಎಂದು ತೀರ್ಮಾನಿಸಿದರೆ ಸುಮಾರು 60 ಕಿಲೋ ಉಳಿಯುತ್ತದೆ, ಒಬ್ಬ ಮನುಷ್ಯನ ತೂಕ!

ಅಂದಾಜಿನ ಲೆಕ್ಕಕ್ಕಿಂತ ತೂಗಿ ನೋಡುವುದು ವಾಸಿ. ಪೀಣ್ಯದಲ್ಲಿ, ತುಮಕೂರು ರಸ್ತೆಯಲ್ಲಿ ಲಾರಿಗಳಿಗಾಗಿ ಇರುವ ವೇಬ್ರಿಡ್ಜ್‌ಗಳಿವೆ. ಪ್ರಯಾಣಕ್ಕೆ ಹೊರಡುವಷ್ಟೇ ಸಾಮಾನು, ಜನ, ಇಂಧನ ತುಂಬಿ ಅಲ್ಲಿ ನಿಲ್ಲಿಸಿ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಅಂಕಿ, ಆಮೇಲೆ ಇಡೀ ಗಾಡಿಗೆ ಇನ್ನೊಂದು ಅಂಕಿ ತೆಗೆದುಕೊಳ್ಳಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸೆಲ್ ಮೇಲಿನ ಭಾರ. ಇಡೀ ಗಾಡಿಯ ತೂಕವಾಗಲಿ ಈ ಭಾರವಾಗಲಿ ಕಂಪನಿಯ ಕೈಪಿಡಿಯಲ್ಲಿ ಹೇಳಿದ ಗರಿಷ್ಠ ಮಿತಿಯನ್ನು ಮೀರಿದ್ದರೆ ಸಾಮಾನು ಇಳಿಸಲೇಬೇಕು, ದಪ್ಪ ಸ್ಪ್ರಿಂಗ್ ಹಾಕಿಸಿದರೆ ಸಾಲದು. ಸ್ಪ್ರಿಂಗ್ ಬದಲಿಸಿದರೆ ಗಾಡಿಯ ಹಿಂಭಾಗ ಮೇಲೇಳುತ್ತದೆಯೇ ಹೊರತು ಬ್ರೇಕ್ ಡ್ರಮ್ಮು ದೊಡ್ಡದಾಗುವುದಿಲ್ಲ. ನೀರಿನ ಕ್ಯಾನ್‌ಗಳನ್ನು ಮಾಡಿನ ಕ್ಯಾರಿಯರ್ ಮೇಲೆ ಇಡುವ ಅಭ್ಯಾಸವನ್ನಂತೂ ಬಿಡಲೇಬೇಕು. ಓಮ್ನಿ, ಈಕೋ ಎರಡೂ ಅಗಲ ಕಡಿಮೆ, ಎತ್ತರ ಜಾಸ್ತಿ ಇರುವ ಗಾಡಿಗಳು. ಮೇಲೆ 40 ಕಿಲೋ ಹೇರಿದರೆ ಹೇರ್‌ಪಿನ್ ತಿರುವಿನಲ್ಲಿ ವಾಲುವುದು ಕಣ್ಣಿಗೇ ಕಾಣುತ್ತದೆ. ಕ್ಯಾನ್‌ಗಳು ನೆಲದ ಮೇಲೆ, ಎಡಕ್ಕೊಂದು ಬಲಕ್ಕೊಂದು, ರ‍್ಯಾಚೆಟ್ ಬೆಲ್ಟ್ ಬಿಗಿದು ಕೂರಬೇಕು. ಗಟ್ಟಿಯಾಗಿ ಬ್ರೇಕ್ ಒತ್ತಿದ ಕ್ಷಣದಲ್ಲಿ ಕಟ್ಟದೆ ಬಿಟ್ಟ 20 ಕಿಲೋ ಕ್ಯಾನ್ ನೇರ ಚಾಲಕನ ಬೆನ್ನಿಗೆ ಬರುತ್ತದೆ.

ಈಗ ಇಳಿಜಾರಿನ ಮಾತು. 1,500 ಕಿಲೋ ತೂಕದ ವ್ಯಾನ್ 700 ಮೀಟರ್ ಕೆಳಗಿಳಿಯುವಾಗ ಕರಗಬೇಕಾದ ಶಕ್ತಿ ಸುಮಾರು 10 ಮೆಗಾಜೂಲ್. ಮೂವತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ ಅದು. ಎಂಜಿನ್ ಆ ಭಾರ ಹೊರದಿದ್ದರೆ ಎಲ್ಲವೂ ಬ್ರೇಕ್ ಪ್ಯಾಡ್ ಮತ್ತು ಡ್ರಮ್ಮಿಗೇ ಹೋಗಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಹೊಸ ಡಾಟ್-4 ದರ್ಜೆಯ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಹೀರಿದ ಮೇಲೆ ಆ ಮಟ್ಟ 155ರ ಆಸುಪಾಸಿಗೆ ಇಳಿದುಬಿಡುತ್ತದೆ. ಡಾಟ್-3 ಆದರೆ 205ರಿಂದ 140ಕ್ಕೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಗುಳ್ಳೆ ಅದುಮಿಕೊಳ್ಳುತ್ತದೆ, ದ್ರವ ಅದುಮಿಕೊಳ್ಳುವುದಿಲ್ಲ. ಆದ್ದರಿಂದ ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ನಾಲ್ಕೂ ಚಕ್ರಗಳಲ್ಲಿ ಗಾಳಿ ತೆಗೆಸಬೇಕು ಎನ್ನುವುದು ಈ ಕಾರಣಕ್ಕೆ. ಯಾವ ದರ್ಜೆಯ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಪ್ಯಾಡ್ 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಬೆಂಗಳೂರಿನಲ್ಲೇ ಹೊಸದು ಹಾಕಿಸಿ ಹೊರಡಿ. ಜೆ.ಸಿ. ರಸ್ತೆಯಲ್ಲಿ ಹತ್ತು ನಿಮಿಷದಲ್ಲಿ ಸಿಗುವ ಸಾಮಾನಿಗೆ ಘಟ್ಟದ ಮೇಲಿನ ಸಣ್ಣ ಊರಿನಲ್ಲಿ ಎರಡು ದಿನ ಕಾಯಬೇಕಾಗುತ್ತದೆ.

ಚಾಲನೆಯ ಕ್ರಮ ಹೀಗಿರಲಿ. ಯಾವ ಗೇರಿನಲ್ಲಿ ಆ ಘಾಟಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯಬೇಕು, ಸಾಮಾನ್ಯವಾಗಿ ಎರಡನೆಯದು, ಕಡಿದಾದ ತಿರುವಿಗೆ ಮೊದಲನೆಯದು. ಇಳಿಜಾರು ಶುರುವಾಗುವ ಮುನ್ನವೇ ಗೇರ್ ಇಳಿಸಬೇಕು. ವೇಗ ಏರಿದ ಮೇಲೆ ಇಳಿಸಲು ಹೋದರೆ ಗೇರ್ ಕೂರದೆ ಗಾಡಿ ನ್ಯೂಟ್ರಲ್‌ನಲ್ಲಿ ಉರುಳುವ ಅಪಾಯವಿದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರಬಾರದು. ವೇಗ 40 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 25ಕ್ಕೆ ತಂದು ಪೂರ್ತಿ ಬಿಟ್ಟುಬಿಡಿ, ಬಿಟ್ಟ ಹೊತ್ತಿನಲ್ಲಿ ಬ್ರೇಕಿಗೆ ಗಾಳಿ ತಾಕುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಹಾಕುವವರು ಇನ್ನೂ ಇದ್ದಾರೆ. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲೇ ಎಂಜಿನ್ ಓಡಲು ಪೆಟ್ರೋಲ್ ಬೇಕು. ಎಂಜಿನ್ ಆಫ್ ಮಾಡಿ ಇಳಿಯುವುದು ಇನ್ನೂ ಕೆಟ್ಟದ್ದು. ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ಎರಡು ಮೂರು ಒತ್ತಿಗೆ ಮುಗಿದು ಪೆಡಲ್ ಕಲ್ಲಾಗುತ್ತದೆ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲ ಜಾಗ ನೋಡಿ ನಿಲ್ಲಿಸಿ, ಮೊದಲ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಲು ಮರೆಯಬಾರದು, ಹಿಂದೆ ಬರುವ ಬೈಕಿನವನ ಜೀವ ಅದರ ಮೇಲಿರುತ್ತದೆ. ಹತ್ತುವ ಗಾಡಿಗೆ ದಾರಿ ಬಿಡುವುದು ನಿಯಮ, ಅದನ್ನು ಪಾಲಿಸಿ. ಮಸಿನಗುಡಿಯಿಂದ ಕಲ್ಲಟ್ಟಿ ಮೂಲಕ ಊಟಿಗೆ ಹತ್ತುವ 36 ತಿರುವುಗಳ ರಸ್ತೆಯಲ್ಲಿ ಹೊರಗಿನ ವಾಹನಗಳು ಕೆಳಗಿಳಿಯುವಂತಿಲ್ಲ ಎಂಬ ನಿರ್ಬಂಧ ಬಂದದ್ದು ಬ್ರೇಕ್ ಹೋಗಿ ಆದ ಅಪಘಾತಗಳಿಂದಲೇ. ಆಗುಂಬೆಯ 14 ತಿರುವುಗಳಿಗೂ ಚಾರ್ಮಾಡಿಗೂ ಇದೇ ಎಚ್ಚರ ಬೇಕು.

ಹತ್ತುವಾಗ ತೊಂದರೆ ಕೊಡುವುದು ಎಂಜಿನ್ ಶಾಖ ಮತ್ತು ಕ್ಲಚ್. ಓಮ್ನಿ, ಈಕೋಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಆ ಸೀಟಿಗೆ ತಾಗಿಸಿ ಬ್ಯಾಟರಿಯನ್ನಾಗಲಿ ಗ್ಯಾಸನ್ನಾಗಲಿ ಇಡಬಾರದು. ಸಾಲುಗಟ್ಟಿ ನಿಂತಾಗ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಲಿಸದೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿ. ಟೆಂಪರೇಚರ್ ಮುಳ್ಳು ಏರಿದರೆ ಎ.ಸಿ. ಆರಿಸಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆರೆದರೆ ಮುಖ ಸುಡುತ್ತದೆ.

ಗ್ಯಾಸ್ ವಿಷಯದಲ್ಲಿ ನಮ್ಮ ಜನಕ್ಕೆ ಧೈರ್ಯ ಹೆಚ್ಚು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗುವುದಿಲ್ಲ. ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ, ನೆಲದ ಮೂಲೆಯಲ್ಲಿ ತುಂಬಿಕೊಳ್ಳುತ್ತದೆ. ಕಿಟಕಿ ತೆರೆದಿದ್ದರೂ ಅದು ಹೊರಗೆ ಹೋಗದು. ಆ ಪೆಟ್ಟಿಗೆಯಲ್ಲೇ ಫ್ರಿಜ್ಜಿನ ಕಂಪ್ರೆಸರ್ ಇದ್ದರೆ ಒಂದು ಕಿಡಿ ಸಾಕು. 14.2 ಕಿಲೋದ ಮನೆ ಸಿಲಿಂಡರ್ ವ್ಯಾನಿನಲ್ಲಿ ಬೇಡವೇ ಬೇಡ. 5 ಕಿಲೋದ್ದಾದರೂ ನೆಟ್ಟಗೆ ನಿಲ್ಲಿಸಿ ಪಟ್ಟಿ ಬಿಗಿದು, ಕೆಳಗೆ ನೆಲಕ್ಕೆ ತೂತಿರುವ ಬೇರೆ ಪೆಟ್ಟಿಗೆಯಲ್ಲಿಡಬೇಕು. ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿರಬೇಕು. ಸಣ್ಣ ಬ್ಯುಟೇನ್ ಡಬ್ಬಿಗಳ ಮೇಲೆ 50 ಡಿಗ್ರಿ ಮೀರಿದ ಶಾಖ ತಾಕಿಸಬೇಡಿ ಎಂದೇ ಬರೆದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ವ್ಯಾನಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಅಡುಗೆ ಹೊರಗೆ ಮಾಡಿ. ಚಳಿಯೆಂದು ಇದ್ದಿಲ ಕೆಂಡವನ್ನು ಒಳಗಿಟ್ಟು ಮಲಗುವುದು, ಸೆಖೆಯೆಂದು ಎಂಜಿನ್ ಓಡಿಸಿ ಎ.ಸಿ. ಹಾಕಿ ಮಲಗುವುದು ಎರಡೂ ಕಾರ್ಬನ್ ಮೊನಾಕ್ಸೈಡ್‌ನಿಂದ ಸಾಯುವ ದಾರಿಗಳು. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿ ಎಚ್ಚರವಾಗುವುದೂ ಇಲ್ಲ. ಬೆಂಕಿ ಆರಿಸುವ ಎಬಿಸಿ ಪುಡಿಯ ಸಿಲಿಂಡರ್ ಬಾಗಿಲ ಪಕ್ಕದಲ್ಲಿರಬೇಕು, ಹಾಸಿಗೆಯ ಹಿಂದೆ ಇಟ್ಟರೆ ಪ್ರಯೋಜನವಿಲ್ಲ.

ವಿದ್ಯುತ್ತಿನ ಲೆಕ್ಕ ಇಷ್ಟೇ. 40 ಲೀಟರಿನ 12 ವೋಲ್ಟ್ ಫ್ರಿಜ್ಜಿಗೆ ದಿನಕ್ಕೆ 400ರಿಂದ 500 ವ್ಯಾಟ್ ಅವರ್, ಒಂದು ಫ್ಯಾನಿಗೆ ರಾತ್ರಿಯಿಡೀ ಸುಮಾರು 200, ದೀಪ ಮತ್ತು ಫೋನಿಗೆ 100. 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ 1,280 ಇರುತ್ತದೆ, ಒಂದೂವರೆ ದಿನಕ್ಕೆ ಸಾಕು. ಮಾಡಿನ ಮೇಲೆ 200 ವ್ಯಾಟ್ ಸೋಲಾರ್ ಇದ್ದರೂ ಮಲೆನಾಡಿನ ಮರದ ನೆರಳಿನಲ್ಲಿ ಅದರ ಸ್ವಲ್ಪ ಭಾಗವಷ್ಟೇ ಸಿಗುತ್ತದೆ. ಗಾಡಿ ಓಡುವಾಗಲೇ ತುಂಬಿಸುವ 20 ಆಂಪಿಯರಿನ ಡಿಸಿ ಚಾರ್ಜರ್ ಇದ್ದರೆ ಮೂರು ಗಂಟೆಯ ಪ್ರಯಾಣದಲ್ಲಿ ಸುಮಾರು 800 ಬರುತ್ತದೆ. ಎಸ್.ಪಿ. ರಸ್ತೆಯಲ್ಲಿ ವೈರ್ ಕೊಳ್ಳುವಾಗ ಐದಾರು ರೂಪಾಯಿ ಉಳಿಸಲು ಹೋಗಬೇಡಿ. ಒಂದು ಚದರ ಮಿ.ಮೀ. ವೈರಿನಲ್ಲಿ ಐದು ಮೀಟರ್ ದೂರದ ಫ್ರಿಜ್ಜಿಗೆ 5 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ ಹತ್ತಿರ ಹತ್ತಿರ 0.9 ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಫ್ರಿಜ್ ‘ಲೋ ವೋಲ್ಟೇಜ್’ ಎಂದು ನಿಲ್ಲುವುದು ಇದರಿಂದ. 4 ಚದರ ಮಿ.ಮೀ. ಹಾಕಿ. ಮುಖ್ಯ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಗಾಡಿಯ ಲೋಹದ ಮೈಗೆ ಉಜ್ಜಿದರೆ ಅದನ್ನು ಕಾಯುವವರು ಯಾರೂ ಇಲ್ಲ.

ತಂಪು ಹುಡುಕಿ ಹೊರಡುವವರಿಗೆ ಒಂದು ಮಾತು. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಇಳಿಯುವುದು ಆರು ಆರೂವರೆ ಡಿಗ್ರಿ. ಅಂದರೆ ಸಕಲೇಶಪುರದಲ್ಲಿ ಎತ್ತರದಿಂದ ಬರುವ ತಂಪು ಏನೂ ಇಲ್ಲ, ಇರುವುದು ಮರಗಳ ತಂಪು. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ತುದಿಯಲ್ಲಿ ವ್ಯತ್ಯಾಸ ತಿಳಿಯುತ್ತದೆ, ಆದರೆ ಅಲ್ಲಿ ರಾತ್ರಿ ತಂಗುವಂತಿಲ್ಲ. ಘಾಟಿ ಇಳಿದು ಉಜಿರೆ, ಸುಳ್ಯ, ಹೆಬ್ರಿಯ ಕಡೆ ಮಲಗುತ್ತೇವೆಂದರೆ ಬೆವರಿನಲ್ಲೇ ಬೆಳಗಾಗುತ್ತದೆ. ರಾತ್ರಿ ಘಟ್ಟದ ಮೇಲೆ ಕಳೆದು, ಕರಾವಳಿಯನ್ನು ಹಗಲಿನಲ್ಲಿ ನೋಡಿ ಬರುವುದೇ ಸರಿ. ಬಿಸಿಲಿಗೆ ಬೆಳ್ಳಿ ಹಾಳೆಯ ಫೋಮ್ ಶೀಟನ್ನು ಗಾಜಿನ ಒಳಗೆ ಹಾಕುವುದಕ್ಕಿಂತ ಹೊರಗೆ ಹಾಕಿದರೆ ಹೆಚ್ಚು ಫಲ, ಶಾಖ ಗಾಜನ್ನು ದಾಟುವ ಮೊದಲೇ ತಿರುಗಿ ಹೋಗುತ್ತದೆ.

ರಾತ್ರಿ ನಿಲ್ಲಿಸಲು ಇರುವುದರಲ್ಲಿ ಉತ್ತಮ ಜಾಗವೆಂದರೆ ಕಾಫಿ ತೋಟದ ಕಣ. ಕೊಯ್ಲು ಮುಗಿದು ಕಾಫಿ ಒಣಗಿಸಿ ಮೂಟೆ ಕಟ್ಟಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಅದು ಬಹುಪಾಲು ಖಾಲಿ. ಮಟ್ಟಸ, ಸಿಮೆಂಟಿನ ನೆಲ, ಬಿಸಿಲು ಬೀಳಲೆಂದು ಸುತ್ತ ಮರ ಬಿಟ್ಟಿರುವುದಿಲ್ಲ, ಮನೆ ಹತ್ತಿರ, ನಲ್ಲಿ ಹತ್ತಿರ. ತೋಟದ ಮಾಲೀಕರನ್ನು ಮೊದಲೇ ಕೇಳಿ, ಬಾಡಿಗೆ ಕೊಟ್ಟು ನಿಲ್ಲಿಸಿ. ಮೆಣಸು ಹರವಿದ್ದರೆ ಆ ಕಡೆ ಚಕ್ರ ಹಾಯಿಸಬೇಡಿ. ತೋಟದೊಳಗೆ ಸಿಲ್ವರ್ ಓಕ್ ಕೆಳಗೆ ನಿಲ್ಲಿಸುವುದು ಮಾತ್ರ ಬೇಡ. ಮುಂಗಾರುಪೂರ್ವ ಮಳೆಯ ಗಾಳಿಗೆ ಅದರ ಕೊಂಬೆ ಮುರಿದು ಬೀಳುತ್ತದೆ. ಈ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಸಿಡಿಲಿನೊಂದಿಗೆ ಬರುತ್ತದೆ. ವ್ಯಾನಿನ ಲೋಹದ ಮೈ ಸಿಡಿಲಿನಿಂದ ಕಾಯುತ್ತದೆ, ಮಾಡಿನ ಮೇಲೆ ಕಟ್ಟಿದ ಬಟ್ಟೆಯ ಡೇರೆ ಕಾಯುವುದಿಲ್ಲ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಫೋನಿನಲ್ಲಿರಲಿ.

ಏಪ್ರಿಲಿನಿಂದ ಜೂನ್‌ವರೆಗೆ ಹಲಸಿನ ಕಾಲ. ಸಕಲೇಶಪುರ, ಆಲೂರು, ಕೊಡಗಿನ ತೋಟಗಳಿಗೆ ಆನೆ ಬರುವುದೇ ಆ ವಾಸನೆ ಹಿಡಿದು. ದಾರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಣ್ಣು ಕೊಂಡು ವ್ಯಾನಿನಲ್ಲಿಟ್ಟು ಮಲಗುವುದು, ಹಲಸಿನ ಮರದಡಿ ನಿಲ್ಲಿಸುವುದು ಆನೆಯನ್ನು ಕರೆದಂತೆ. ಬಾಳೆಹಣ್ಣು, ಬೆಲ್ಲ, ಉಪ್ಪು ಕೂಡ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಸ್ಥಳೀಯರು ‘ಇವತ್ತು ಆ ಕಡೆ ಹೋಗಬೇಡಿ’ ಎಂದರೆ ಅದೇ ಕೊನೆಯ ಮಾತು.

ಬೆಂಕಿಯ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಫೆಬ್ರುವರಿಯಿಂದ ಮೊದಲ ದೊಡ್ಡ ಮಳೆವರೆಗೆ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಯಾರಿಗೂ ಮರೆತಿಲ್ಲ. ಕ್ಯಾಂಪ್‌ಫೈರ್ ಇಲ್ಲದೆ ಕ್ಯಾಂಪಿಂಗ್ ಏನು ಎನ್ನುವವರು ದಯವಿಟ್ಟು ಮನೆಯಲ್ಲೇ ಇರಲಿ. ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಬಹುದು. ಘಾಟಿ ಹತ್ತಿ ಬಂದ ಗಾಡಿಯ ಸೈಲೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಒಣಹುಲ್ಲಿಗೆ ತಾಗಿದರೆ ಸಾಕು. ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಶೋಧಕ ತನ್ನ ಮಸಿ ಸುಟ್ಟುಕೊಳ್ಳುವಾಗ 600 ಡಿಗ್ರಿ ಮುಟ್ಟುತ್ತದೆ. ಹುಲ್ಲಿನ ಮೇಲೆ ನಿಲ್ಲಿಸದೆ ಕಲ್ಲು ಅಥವಾ ಬರಿ ಮಣ್ಣಿನ ನೆಲದಲ್ಲೇ ನಿಲ್ಲಿಸಿ.

ಬೇಸಿಗೆಯಲ್ಲಿ ಜಿಗಣೆ ಕಡಿಮೆ, ಆದರೆ ರಕ್ತ ಹೀರುವ ಉಣ್ಣೆ (ಉಣುಗು) ಹೆಚ್ಚು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಒಣ ತರಗೆಲೆಯ ಮೇಲೆ ಚಾಪೆ ಹಾಸಿ ಕೂರಬೇಡಿ. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿ. ಸಂಜೆ ವ್ಯಾನ್ ಹತ್ತುವ ಮೊದಲು ಬಟ್ಟೆ ಕೊಡವಿ ಮೈ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ದೂರದಿಂದಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಮರಳಿದ ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಬೆಂಗಳೂರಿನ ವೈದ್ಯರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂದು ನೀವಾಗಿಯೇ ಹೇಳಬೇಕು.

ತೊಳೆದ ನೀರನ್ನು ಹಳ್ಳಕ್ಕೆ ಬಿಡುವುದು ಅಪರಾಧಕ್ಕೆ ಸಮ. ಬೇಸಿಗೆಯಲ್ಲಿ ಬೆಟ್ಟದ ಹಳ್ಳ ಕೈಬೆರಳಿನಷ್ಟು ಹರಿಯುತ್ತಿರುತ್ತದೆ, ಅದಕ್ಕೇ ಪೈಪು ಜೋಡಿಸಿ ಅಬ್ಬಿ ನೀರು ಕುಡಿಯುವ ಮನೆಗಳು ಕೆಳಗಿರುತ್ತವೆ. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ, ತೊಳೆದ ನೀರನ್ನು ಕ್ಯಾನಿನಲ್ಲೇ ಹಿಡಿದು ಊರಿನ ಚರಂಡಿ ಸಿಗುವವರೆಗೆ ಒಯ್ಯಿರಿ. ಪೋರ್ಟಬಲ್ ಶೌಚದ ತೊಟ್ಟಿಯನ್ನು ಮನೆ ಅಥವಾ ಹೋಟೆಲಿನ ಕಮೋಡಿಗೇ ಸುರಿಯಬೇಕು. ಅದು ಇಲ್ಲದವರು ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಬೇಕು.

ಕಾನೂನಿನ ಕಡೆಗೂ ಗಮನ ಬೇಕು. ಅಭಯಾರಣ್ಯದಲ್ಲಿ, ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗಿದರೆ ಮೊಕದ್ದಮೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಊಟಿಗೆ 2024ರ ಮೇ 7ರಿಂದ ಇ-ಪಾಸ್ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಸೀಟು ಕಿತ್ತು ಮಂಚ ಬಡಿದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ಮೊದಲು ಕೇಳುವುದೇ ಅದನ್ನು. ಸೀಟುಗಳನ್ನು ಹಾಗೇ ಬಿಟ್ಟು, ಮಡಚಿದ ಸೀಟಿನ ಮೇಲೆ ಎತ್ತಿ ಇಡುವ ಹಗುರ ಹಲಗೆಯೇ ಖಾಸಗಿ ಬಳಕೆಗೆ ಸಾಕು. ಬಾಡಿಗೆಗೆ ತೆಗೆದುಕೊಳ್ಳುವವರು ನಂಬರ್ ಪ್ಲೇಟ್ ನೋಡಲಿ. ನಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಹಲಗೆಯ ಗಾಡಿಯನ್ನು ಬಾಡಿಗೆಗೆ ಕೊಡುವುದೇ ಅಕ್ರಮ.

ಇಷ್ಟೆಲ್ಲ ಎಚ್ಚರ ವಹಿಸಿ ಹೊರಟವರಿಗೂ ನಮ್ಮ ರಾಜ್ಯದ ಘಟ್ಟಗಳಲ್ಲಿ ಕಾನೂನುಬದ್ಧವಾಗಿ ರಾತ್ರಿ ನಿಲ್ಲಿಸುವ ಜಾಗ ಸಿಗುವುದು ಕಷ್ಟ. ಕೇರಳ 2021ರಲ್ಲೇ ಇಂಥ ಮಲಗುವ ಗಾಡಿಗಳಿಗಾಗಿ ಕ್ಯಾರವಾನ್ ನೀತಿ ತಂದಿತು, ಆಮೇಲೆ ವಾಗಮಣ್‌ನಲ್ಲಿ ಕ್ಯಾರವಾನ್ ಪಾರ್ಕ್ ಶುರುವಾಯಿತು. ನಮ್ಮಲ್ಲಿ ಹೊಸ ಕಟ್ಟಡವನ್ನೇನೂ ಕಟ್ಟಬೇಕಿಲ್ಲ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳ ಆವರಣದಲ್ಲಿ ಐದಾರು ವ್ಯಾನಿಗೆ ಸಿಮೆಂಟ್ ನೆಲ, ಒಂದು ನಲ್ಲಿ, 15 ಆಂಪಿಯರಿನ ಪ್ಲಗ್, ಶೌಚ ತೊಟ್ಟಿ ಸುರಿಯಲು ಸೆಪ್ಟಿಕ್ ಟ್ಯಾಂಕಿಗೆ ಜೋಡಿಸಿದ ಒಂದು ಬಾಯಿ, ಇಷ್ಟು ಕೊಟ್ಟು ರಾತ್ರಿಗೆ ಶುಲ್ಕ ವಸೂಲಿ ಮಾಡಲಿ. ತೋಟದ ಕಣವನ್ನು ಬಾಡಿಗೆಗೆ ಕೊಡುವ ಬೆಳೆಗಾರರಿಗೆ ಪಂಚಾಯಿತಿಯಲ್ಲೇ ಸರಳ ನೋಂದಣಿ ಇರಲಿ. ಬೆಂಗಳೂರಿನಲ್ಲಿ ಇಂಥ ಗಾಡಿಗಳನ್ನು ಬಾಡಿಗೆಗೆ ಕೊಡುವವರು ಪ್ರತಿ ಗ್ರಾಹಕನ ಕೈಗೆ ವೇಬ್ರಿಡ್ಜ್ ಚೀಟಿ, ಬ್ರೇಕ್ ಆಯಿಲ್ ಬದಲಿಸಿದ ದಿನಾಂಕ ಮತ್ತು ಪ್ಯಾಡಿನ ದಪ್ಪ ಬರೆದ ಕಾಗದ ಕೊಡುವುದನ್ನು ಸಾರಿಗೆ ಇಲಾಖೆ ಕಡ್ಡಾಯ ಮಾಡಲಿ. ಚಾರ್ಮಾಡಿ, ಆಗುಂಬೆ, ಸಂಪಾಜೆ ಘಾಟಿಗಳ ತಲೆಯಲ್ಲಿ ‘ಎರಡನೇ ಗೇರಿಗೆ ಇಳಿಸಿ’ ಎಂಬ ದೊಡ್ಡ ಅಕ್ಷರದ ಫಲಕವನ್ನು ಲೋಕೋಪಯೋಗಿ ಇಲಾಖೆ ಮುಂದಿನ ಬೇಸಿಗೆಗೆ ಮೊದಲೇ ನಿಲ್ಲಿಸಬಹುದು, ಅದಕ್ಕೆ ಯಾವ ನೀತಿಯೂ ಬೇಕಿಲ್ಲ.

— ವಾಹನ ಕೆಲಸ ಬಲ್ಲ ಇಬ್ಬರು ಓದುಗರು, ಯಶವಂತಪುರ, ಬೆಂಗಳೂರು